ಪರರ ತೇರಿಗೆ ಬೆಂಗಳೂರಿನ ಕೆತ್ತನೆ

ಹಂಪೆಯ ಮಂಟಪಗಳ ಹಾಸುಗಲ್ಲುಗಳನ್ನು ತುಸು ಬಗ್ಗಿ ನೋಡಿದವರಿಗೆ ಅಲ್ಲಲ್ಲಿ ಕೊರೆದ ಮನೆಗಳೂ ಗೆರೆಗಳೂ ಕಾಣಸಿಗುತ್ತವೆ. ಅವು ಶಾಸನಗಳಲ್ಲ, ಆಟದ ಹಾಸುಗಳು. ಕಾವಲಿನವರೋ, ಕಲ್ಲುಕುಟಿಗರೋ, ಯಾತ್ರಿಕರೋ ಬಿಡುವಿನ ವೇಳೆಯಲ್ಲಿ ಕೊರೆದುಕೊಂಡ ಆ ಮನೆಗಳಲ್ಲಿ ಕಾಯಿ ನಡೆಸಿದ ಕೈಗಳು ಎಂದೋ ಮಣ್ಣಾದವು. ಅದೇ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಅಲ್ಲಿನ ಬಸ್ ನಿಲ್ದಾಣಗಳಲ್ಲಿ ಈಗ ಹುಡುಗರು ತಲೆ ಬಗ್ಗಿಸಿ ಕುಳಿತಿರುವುದು ಅಂಗೈಯಗಲದ ಗಾಜಿನ ಮುಂದೆ. ಬಸ್ಸು ಬಂದು ಹೋದರೂ ಕೆಲವರಿಗೆ ಅರಿವಾಗದು. ಇಂಥ ಆಟಗಳೊಳಗಿನ ಕಾರು, ಕಾಡು, ಕೋಟೆಗಳನ್ನು ಮಾಡಿದವರಾರು ಎಂದು ಕೇಳಿದರೆ ಅಮೆರಿಕದವರೋ ಜಪಾನಿನವರೋ ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರ ಅರ್ಧ ಮಾತ್ರ ಸರಿ. ಜಗತ್ತಿನ ಹೆಸರಾಂತ ವಿಡಿಯೋ ಆಟಗಳಲ್ಲಿ ಎಷ್ಟೋ ಗಾಲಿಗಳು, ಗೋಡೆಗಳು, ಗಿಡಮರಗಳು ರೂಪುಗೊಂಡಿರುವುದು ಬೆಂಗಳೂರಿನಲ್ಲಿ.

ಈ ಕಸುಬನ್ನು ಭಾರತದಲ್ಲಿ ಮೊದಲು ಹಿಡಿದವರ ಸಾಲಿನಲ್ಲಿ ಮುಂದೆ ನಿಲ್ಲುವ ಸಂಸ್ಥೆ ‘ಧ್ರುವ ಇಂಟರಾಕ್ಟಿವ್’. ೧೯೯೭ರಲ್ಲಿ ಶ್ರೀ ರಾಜೇಶ್ ರಾವ್ ಅವರು ಅದನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಆಗಿನ ಪರಿಸ್ಥಿತಿಯನ್ನು ಇಂದಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತು ಎರಡೇ ವರ್ಷವಾಗಿತ್ತು. ಅದೂ ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಆರಂಭಿಸಿದ, ದೂರವಾಣಿ ತಂತಿಯ ಮೂಲಕ ತೆವಳುತ್ತ ಬರುವ ಸಂಪರ್ಕ. ಗಣಕಯಂತ್ರದ ಬೆಲೆಯೋ ಮಧ್ಯಮ ವರ್ಗದ ಮನೆಗೆ ಎಟುಕದ್ದು. ತಂತ್ರಾಂಶದ ಉದ್ಯಮಕ್ಕೆ ಬೆಂಗಳೂರು ಆಗಲೇ ಹೆಸರಾಗಿತ್ತು, ನಿಜ. ಆದರೆ ಬ್ಯಾಂಕುಗಳ ಲೆಕ್ಕ ಬರೆಯುವುದು ಬೇರೆ, ಆಟ ಕಟ್ಟುವುದು ಬೇರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದರ ಪಾಠವಿರಲಿಲ್ಲ. ಚಿತ್ರಕಲಾ ಶಾಲೆಯಲ್ಲಿಯೂ ಇರಲಿಲ್ಲ. ಮಗ ಆಟ ಮಾಡುವ ಕಂಪನಿಗೆ ಸೇರುತ್ತೇನೆಂದರೆ ಯಾವ ತಂದೆ ತಾನೆ ಹೆಣ್ಣು ನೋಡಲು ಹೊರಟಾನು!

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಆಟ ಮಾಡಿದರೂ ಕೊಳ್ಳುವವರಿರಲಿಲ್ಲ. ಸಾವಿರಾರು ರೂಪಾಯಿ ಬೆಲೆಯ ವಿದೇಶೀ ಆಟದ ನಕಲು ತಟ್ಟೆ ಮಹಾನಗರಗಳ ಬೀದಿಬದಿಯಲ್ಲಿ ನೂರಿನ್ನೂರಕ್ಕೆ ಸಿಕ್ಕುತ್ತಿದ್ದಾಗ, ದುಡ್ಡು ಕೊಟ್ಟು ಅಸಲನ್ನು ಕೊಳ್ಳುವ ಧರ್ಮರಾಯರು ಎಷ್ಟು ಮಂದಿ? ಸ್ವದೇಶದ ಪೇಟೆಯನ್ನು ನಂಬಿ ಕುಳಿತವರು ಉಪವಾಸ ಬೀಳುವುದು ಖಂಡಿತವಾಗಿತ್ತು. ಆದಕಾರಣ ಧ್ರುವ ಪಡುವಣ ದೇಶಗಳ ಬಾಗಿಲು ತಟ್ಟಿತು. ೧೯೯೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ‘ಇನ್ಫೋಗ್ರಾಮ್ಸ್’ ಎಂಬ ಪ್ರಕಾಶನ ಸಂಸ್ಥೆ, ‘ಮಿಷನ್ ಇಂಪಾಸಿಬಲ್’ ಚಲನಚಿತ್ರವನ್ನು ಆಧರಿಸಿದ ತನ್ನ ಆಟವನ್ನು ಮನೆಯ ಕಂಪ್ಯೂಟರಿಗೆ ಒಗ್ಗಿಸುವ ಕೆಲಸವನ್ನು ಇವರಿಗೆ ವಹಿಸಿತು. ಹಾಲಿವುಡ್ಡಿನ ಹೆಸರು ಹೊತ್ತ ಆಟವೊಂದು ಬೆಂಗಳೂರಿನ ಮೇಜಿನ ಮೇಲೆ ಬಂದು ಕುಳಿತದ್ದು ಆ ದಿನಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಅಲ್ಲಿಂದ ಮುಂದೆ ಸಂಸ್ಥೆ ಬೆಳೆದದ್ದು ಮುಖ್ಯವಾಗಿ ಚಿತ್ರಕಾರರ ಬಲದಿಂದ. ಆ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಏಕೆಂದರೆ ‘ಕಂಪ್ಯೂಟರೇ ಎಲ್ಲವನ್ನೂ ಬಿಡಿಸುತ್ತದೆ’ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲಿಯೂ ಇದೆ.

ಓಟದ ಆಟವೊಂದಕ್ಕೆ ಒಂದು ಕಾರು ಬೇಕೆಂದುಕೊಳ್ಳೋಣ. ಮೊದಲು ಆ ಕಾರಿನ ನೂರಾರು ಛಾಯಾಚಿತ್ರಗಳೂ ಅಳತೆಗಳೂ ಬರುತ್ತವೆ. ಕಲಾವಿದನು ತೆರೆಯ ಮೇಲೆ ಸಣ್ಣ ಸಣ್ಣ ಚಪ್ಪಟೆ ತುಂಡುಗಳನ್ನು ಒಂದಕ್ಕೊಂದು ಹೊಲಿದು ಆ ಕಾರಿನ ಮೈಯನ್ನು ಕಟ್ಟುತ್ತಾನೆ. ಯಂತ್ರ ಅವನ್ನೆಲ್ಲ ತ್ರಿಕೋನಗಳಾಗಿ ಎಣಿಸುತ್ತದೆ. ೧೯೯೭ರ ಸುಮಾರಿಗೆ ಒಂದು ವಾಹನಕ್ಕೆ ಕೆಲವು ನೂರು ತ್ರಿಕೋನಗಳಿಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ; ಮಾಡಿದರೆ ಯಂತ್ರ ಉಸಿರುಗಟ್ಟುತ್ತಿತ್ತು. ಈಗ ಲಕ್ಷಗಟ್ಟಲೆ ಸಲ್ಲುತ್ತವೆ. ಮೈ ಸಿದ್ಧವಾದ ಬಳಿಕ ಅದರ ಚರ್ಮವನ್ನು ಸುಲಿದು ಹರಡಿದಂತೆ ಚಪ್ಪಟೆಯಾಗಿ ಬಿಡಿಸಿಕೊಂಡು, ಅದರ ಮೇಲೆ ಬಣ್ಣ, ಗೀರು, ಧೂಳು, ತುಕ್ಕುಗಳನ್ನು ಬರೆಯುತ್ತಾರೆ. ದರ್ಜಿಯ ಕೈಯಲ್ಲಿರುವ ಅಂಗಿಯ ತುಂಡುಗಳನ್ನು ನೆನೆಸಿಕೊಂಡರೆ ಇದು ಅರ್ಥವಾದೀತು. ಆಸನದ ಹೊಲಿಗೆ, ವೇಗಮಾಪಕದ ಅಂಕಿ, ಬಾಗಿಲು ತೆರೆದಾಗ ಕಾಣುವ ಅಂಚು, ಯಾವುದನ್ನೂ ಬಿಡುವಂತಿಲ್ಲ. ಅದೇ ಕಾರು ದೂರದಲ್ಲಿ ಓಡುವಾಗ ತೋರಿಸಲು ಕಡಮೆ ತ್ರಿಕೋನಗಳ ಮತ್ತೊಂದು ಪ್ರತಿ, ಇನ್ನೂ ದೂರಕ್ಕೆ ಮಗದೊಂದು. ಇಷ್ಟೆಲ್ಲ ಆದ ಮೇಲೆ ಆಟದ ಒಡೆಯರು ಒಪ್ಪಬೇಕು; ಅವರು ಒಪ್ಪಿದರೆ ಕಾರು ತಯಾರಿಸುವ ಕಂಪನಿಯವರೂ ಒಪ್ಪಬೇಕು. ಬೆಂಗಳೂರಿನಲ್ಲಿ ಸಂಜೆ ಕಳುಹಿಸಿದ ಕೆಲಸವನ್ನು ಅಮೆರಿಕದವರು ತಮ್ಮ ಹಗಲಿನಲ್ಲಿ ನೋಡುತ್ತಾರೆ. ಮಾರನೆಯ ಬೆಳಗ್ಗೆ ‘ಎಡಗನ್ನಡಿ ಸ್ವಲ್ಪ ದಪ್ಪವಾಯಿತು’ ಎಂಬಂಥ ಟಿಪ್ಪಣಿ ಕಾದಿರುತ್ತದೆ!

ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಓಟದ ಆಟಗಳಿಗೆ ಧ್ರುವದ ಕಲಾವಿದರು ಇಂಥ ಕೆಲಸ ಮಾಡಿದರು. ಕಡಲುಗಳ್ಳರ ಕತೆಯ ‘ಸೀ ಆಫ್ ಥೀವ್ಸ್’ (೨೦೧೮), ಸೋನಿಯ ‘ಡೇಸ್ ಗಾನ್’ (೨೦೧೯) ಇವುಗಳಲ್ಲಿಯೂ ಅವರ ಕೈವಾಡವಿದೆ. ಬೆರಳೆಣಿಕೆಯ ಜನರಿಂದ ಹೊರಟ ಸಂಸ್ಥೆಯಲ್ಲಿ ೨೦೧೯ರ ಹೊತ್ತಿಗೆ ಮುನ್ನೂರಕ್ಕೂ ಮಿಕ್ಕಿದ ಕೆಲಸಗಾರರಿದ್ದರು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ನರು ೨೦೦೫ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಗ್ರಂಥದಲ್ಲಿ ರಾಯರ ಪ್ರಸ್ತಾಪ ಬರುತ್ತದೆ. ಚಾರ್ಲಿ ಚಾಪ್ಲಿನ್ನನ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನು ಈ ಬೆಂಗಳೂರಿನ ಸಂಸ್ಥೆ ಕೊಂಡಿತೆಂಬ ಸಂಗತಿ ಆ ಲೇಖಕರಿಗೆ ಬಹಳ ಸೋಜಿಗವೆನಿಸಿತ್ತು.

ಚಾಪ್ಲಿನ್ನನ ಹಕ್ಕು ಕೊಂಡದ್ದೇಕೆಂದು ವಿಚಾರಿಸಿದರೆ ಈ ಉದ್ಯಮದ ಮರ್ಮಕ್ಕೆ ಕೈಯಿಟ್ಟಂತಾಗುತ್ತದೆ. ಕೊಟ್ಟೂರೇಶ್ವರನ ತೇರಿಗೆ ಗಾಲಿ ಕಡೆದ ಬಡಗಿಗೆ ಕೂಲಿ ಸಲ್ಲುತ್ತದೆ, ತೇರು ಅವನದಾಗುವುದಿಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಮಾಡಿಕೊಟ್ಟವನು ರಂಗದ ಮೇಲೆ ಬರುವುದಿಲ್ಲ. ಪರರ ಆಟಕ್ಕೆ ಚಿತ್ರ ಬರೆದುಕೊಡುವವರ ಸ್ಥಿತಿಯೂ ಅದೇ. ಆಟ ಕೋಟ್ಯಂತರ ಡಾಲರು ಗಳಿಸಿದರೂ ಇವರಿಗೆ ಬರುವುದು ಮಾತಾಡಿದ ಮಜೂರಿಯಷ್ಟೆ. ತಮ್ಮದೇ ಆಟ ಮಾಡಿದರೆ ಲಾಭ ಪೂರ್ತಿ ತಮ್ಮದು. ಸೋತರೆ ಮುನ್ನೂರು ಮನೆಗಳ ಒಲೆ ಆರುತ್ತದೆ. ಧ್ರುವ ಮೊಬೈಲ್ ಆಟಗಳನ್ನು ಮಾಡಿ ನೋಡಿತಾದರೂ ಅದರ ಬದುಕು ನಿಂತದ್ದು ಕೂಲಿಯ ಕೆಲಸದ ಮೇಲೆಯೇ. ಇದನ್ನು ಅಂಜುಬುರುಕುತನವೆಂದು ಕರೆಯುವುದು ಸುಲಭ. ಪ್ರತಿ ತಿಂಗಳ ಕೊನೆಗೆ ಸಂಬಳ ಎಣಿಸಬೇಕಾದವನ ಎದುರು ಹಾಗೆನ್ನುವುದು ಅಷ್ಟು ಸುಲಭವಲ್ಲ.

ಮತ್ತೊಂದು ದಾರಿ ಹಿಡಿದವರೂ ಕರ್ನಾಟಕದಲ್ಲಿಯೇ ಇದ್ದಾರೆ, ಅದೂ ರಾಜಧಾನಿಯಿಂದ ದೂರದಲ್ಲಿ. ಶ್ರೀ ರೋಹಿತ್ ಭಟ್ಟರು ೧೯೯೬ರಲ್ಲಿ ಉಡುಪಿಯಲ್ಲಿ ‘ರೋಬೋಸಾಫ್ಟ್’ ಎಂಬ ತಂತ್ರಾಂಶ ಸಂಸ್ಥೆಯನ್ನು ಕಟ್ಟಿದರು. ಕೃಷ್ಣಮಠದ ಊರಿನಲ್ಲಿ ಕುಳಿತು ಆಪಲ್ ಕಂಪನಿಯ ಗಣಕಗಳಿಗೆ ತಂತ್ರಾಂಶ ಬರೆದುಕೊಡುತ್ತಿದ್ದ ಅವರು, ಕೈಫೋನಿಗೆ ಆಟಗಳ ಪೇಟೆ ತೆರೆದೊಡನೆ ೨೦೦೮ರಲ್ಲಿ ‘೯೯ ಗೇಮ್ಸ್’ ಎಂಬ ಶಾಖೆಯನ್ನು ಹುಟ್ಟುಹಾಕಿದರು. ಹಿಂದಿಯ ‘ಧೂಮ್ ೩’ ಚಿತ್ರವನ್ನು ಆಧರಿಸಿ ೨೦೧೩ರಲ್ಲಿ ಅವರು ಮಾಡಿದ ಆಟವನ್ನು ಕೋಟಿಗೂ ಹೆಚ್ಚು ಬಾರಿ ಜನ ಫೋನಿಗೆ ಇಳಿಸಿಕೊಂಡರು. ಮರುವರ್ಷ ಬಂದದ್ದು ‘ಸ್ಟಾರ್ ಶೆಫ್’, ಹೋಟೆಲು ನಡೆಸುವ ಆಟ. ಹೋಟೆಲು ಉದ್ಯಮಕ್ಕೆ ಹೆಸರಾದ ಉಡುಪಿಯವರು ಜಗತ್ತಿಗೆ ಅಡುಗೆಮನೆಯ ಆಟ ಕೊಟ್ಟದ್ದರಲ್ಲಿ ಆಶ್ಚರ್ಯವೇನು?

ಧ್ರುವದ ಕತೆಗೆ ಮರಳಿದರೆ, ಅದರ ಕೊನೆಯ ಮೂರು ವರ್ಷಗಳು ಏರಿಳಿತದವು. ೨೦೧೬ರ ಕೊನೆಯಲ್ಲಿ ಸ್ವೀಡನ್ನಿನ ‘ಸ್ಟಾರ್‌ಬ್ರೀಜ್’ ಸಂಸ್ಥೆ, ಸುಮಾರು ೮೫ ಲಕ್ಷ ಡಾಲರು ಕೊಟ್ಟು ಧ್ರುವದ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚಿನ ಒಡೆತನವನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆದರೆ ೨೦೧೮ರ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್ ಭಾರಿ ನಿರೀಕ್ಷೆಯಿಂದ ಹೊರತಂದ ‘ದಿ ವಾಕಿಂಗ್ ಡೆಡ್’ ಆಟ ಮಕಾಡೆ ಮಲಗಿತು. ಡಿಸೆಂಬರಿನಲ್ಲಿ ಆ ಸಂಸ್ಥೆ ಸಾಲಗಾರರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೊರೆಹೊಕ್ಕಿತು. ಸ್ವೀಡನ್ನಿನಲ್ಲಿ ಸೋತ ಆಟದ ಬಿಸಿ, ಆ ಸೋಲಿಗೆ ಹೊಣೆಯಲ್ಲದ ಬೆಂಗಳೂರಿನವರಿಗೆ ತಟ್ಟಿತು. ದುಡ್ಡು ಹೊಂದಿಸಲು ಸ್ಟಾರ್‌ಬ್ರೀಜ್ ತನ್ನ ಆಸ್ತಿಗಳನ್ನು ಮಾರಹೊರಟಾಗ ಧ್ರುವವೂ ಆ ಪಟ್ಟಿಯಲ್ಲಿತ್ತು. ೨೦೧೯ರ ಮೇ ತಿಂಗಳಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಆಟಗಳ ಒಡೆಯರಾದ ರಾಕ್‌ಸ್ಟಾರ್ ಸಂಸ್ಥೆಯವರು ಸುಮಾರು ೭೯ ಲಕ್ಷ ಡಾಲರಿಗೆ ಅದನ್ನು ಕೊಂಡು, ಬೆಂಗಳೂರಿನಲ್ಲಿ ೨೦೧೬ರಲ್ಲಿಯೇ ತೆರೆದಿದ್ದ ತಮ್ಮ ಕಾರ್ಯಾಲಯದೊಡನೆ ಸೇರಿಸಿಕೊಂಡರು. ಆಕಾಶದ ಧ್ರುವ ಕದಲದ ನಕ್ಷತ್ರವೆನಿಸಿದರೆ, ಭೂಮಿಯ ಮೇಲಿನದು ಮೂರು ವರ್ಷದೊಳಗೆ ಎರಡು ಬಾರಿ ಕೈಬದಲಾಯಿಸಿತು.

ಈ ಬೆಲೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಬೆಂಗಳೂರಿನಲ್ಲಿಯೇ ೨೦೧೩ರಲ್ಲಿ ಹುಟ್ಟಿದ ‘ಮೂನ್‌ಫ್ರಾಗ್ ಲ್ಯಾಬ್ಸ್’ ಪರರಿಗೆ ಚಿತ್ರ ಬರೆಯಲಿಲ್ಲ; ‘ತೀನ್ ಪತ್ತಿ ಗೋಲ್ಡ್’ ಎಂಬ ಸ್ವಂತ ಇಸ್ಪೀಟಿನ ಆಟವನ್ನು ಮಾಡಿತು. ೨೦೨೧ರಲ್ಲಿ ಸ್ವೀಡನ್ನಿನದೇ ಆದ ‘ಸ್ಟಿಲ್‌ಫ್ರಂಟ್’ ಅದರ ಬಹುಪಾಲನ್ನು ಸುಮಾರು ೯ ಕೋಟಿ ಡಾಲರಿಗೆ ಕೊಂಡಿತು. ಇಪ್ಪತ್ತೆರಡು ವರ್ಷ ಜಗತ್ತಿನ ಶ್ರೇಷ್ಠ ಆಟಗಳಿಗೆ ಕುಸುರಿ ಕೆಲಸ ಮಾಡಿದವರಿಗೆ ದೊರೆತದ್ದಕ್ಕಿಂತ ಇದು ಹತ್ತು ಪಟ್ಟಿಗೂ ಹೆಚ್ಚು. ಕುಸುರಿಯಲ್ಲಿ ಮೂರೆಲೆಯ ಆಟ ಹೆಚ್ಚಿನದೆಂದು ಯಾರೂ ವಾದಿಸಲಾರರು. ಆದರೆ ಅದು ಅವರ ಸ್ವಂತದ್ದು.

ಇಸ್ಪೀಟಿನ ಮಾತು ಬಂದಾಗ ಹಳ್ಳಿಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಅಂದರ್ ಬಾಹರಿನಲ್ಲಿ ಹೊಲ ಕಳೆದುಕೊಂಡವರ ಕತೆ ಯಾವ ಊರಿನಲ್ಲಿಲ್ಲ? ಫೋನಿನ ಮೂಲಕ ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರವು ೨೦೨೫ರ ಆಗಸ್ಟಿನಲ್ಲಿ ತಂದ ಕಾನೂನು ನಿಷೇಧಿಸಿದೆ. ಹಣದ ಪಣವಿಲ್ಲದ ಆಟಗಳನ್ನೂ ಸ್ಪರ್ಧೆಯ ಕ್ರೀಡೆಗಳನ್ನೂ ಅದೇ ಕಾನೂನು ಬೇರೆಯಾಗಿಯೇ ಎಣಿಸಿ ಪ್ರೋತ್ಸಾಹಿಸುವ ಮಾತಾಡುತ್ತದೆ. ಜೂಜಿನ ಅಡ್ಡೆಯನ್ನೂ ಚಿತ್ರ ಬರೆಯುವ ಕಾರ್ಯಾಲಯವನ್ನೂ ಒಂದೇ ಕಣ್ಣಿನಿಂದ ನೋಡುವ ತಾಯಿತಂದೆಯರು ಈ ಭೇದವನ್ನು ಗಮನಿಸಬೇಕು.

ಕರ್ನಾಟಕ ಸರ್ಕಾರವು ಆ್ಯನಿಮೇಶನ್ ಮತ್ತು ಆಟಗಳ ಉದ್ಯಮಕ್ಕಾಗಿ ೨೦೧೨ರಲ್ಲಿಯೇ ಒಂದು ನೀತಿಯನ್ನು ರೂಪಿಸಿತು. ೨೦೧೭ರಲ್ಲಿ ಒಮ್ಮೆ, ೨೦೨೪ರಲ್ಲಿ ಮತ್ತೊಮ್ಮೆ ಅದನ್ನು ಹೊಸದಾಗಿಸಿತು. ಆದರೂ ಕೆಲಸವಿರುವುದು ಬಹುಮಟ್ಟಿಗೆ ಬೆಂಗಳೂರಿನಲ್ಲಿಯೇ. ಹರಪನಹಳ್ಳಿಯ ಹುಡುಗಿಯೊಬ್ಬಳು ಈ ಕಸುಬಿಗೆ ಬರಬೇಕಾದರೆ ಇಂದಿಗೂ ಮೊದಲು ಬಸ್ಸು ಹತ್ತಬೇಕು. ಅಲ್ಲಿ ಸಂದರ್ಶನ ಮಾಡುವವರು ಪದವಿಗಿಂತ ಮೊದಲು ಕೇಳುವುದು ಅವಳು ಬರೆದ ಚಿತ್ರಗಳನ್ನು: ಕೈಯ ಬೆರಳು, ಬಟ್ಟೆಯ ಮಡಿಕೆ, ಗೋಡೆಯ ಮೇಲೆ ಬಿದ್ದ ನೆರಳು. ಇವನ್ನು ಕಲಿಯಲು ಕಂಪ್ಯೂಟರಿಗಾಗಿ ಕಾಯಬೇಕಾಗಿಲ್ಲ. ಸೀಸದ ಕಡ್ಡಿ, ಬಿಳಿಯ ಹಾಳೆ ಸಾಕು.

ಆಟ ಮುಗಿದ ಮೇಲೆ, ಚಲನಚಿತ್ರದಲ್ಲಿರುವಂತೆ, ತೆರೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಉರುಳುತ್ತವೆ. ಹೊರಗಿನಿಂದ ಕೆಲಸ ಮಾಡಿಕೊಟ್ಟವರ ಪಾಲಿಗೆ ಅಲ್ಲಿ ಎಷ್ಟೋ ವೇಳೆ ಸಂಸ್ಥೆಯ ಹೆಸರಷ್ಟೇ ಬರುವುದುಂಟು. ಒಮ್ಮೊಮ್ಮೆ ಅದೂ ಇರುವುದಿಲ್ಲ. ಧ್ರುವ ಎಂಬ ಹೆಸರು ಈಗ ಬೆಂಗಳೂರಿನ ಫಲಕಗಳಿಂದ ಮರೆಯಾಗಿದೆ. ಅಲ್ಲಿ ಪಳಗಿದ ಕಲಾವಿದರಲ್ಲಿ ಕೆಲವರು ರಾಕ್‌ಸ್ಟಾರಿನ ಮನೆಯವರಾದರು, ಕೆಲವರು ಬೇರೆ ಕಾರ್ಯಾಲಯಗಳಿಗೆ ಹೋದರು. ಬೆಳಗಾದರೆ ಎಡಗನ್ನಡಿಯ ದಪ್ಪವನ್ನು ಕುರಿತ ಟಿಪ್ಪಣಿ ಅವರಿಗಾಗಿ ಕಾದಿರುತ್ತದೆ.