ಸೌತ್ ಬೆಂಡಿನ ಸ್ಟುಡಿಬೇಕರ್

ಅಮೆರಿಕದ ಇಂಡಿಯಾನಾ ಸಂಸ್ಥಾನದ ಸೌತ್ ಬೆಂಡ್ ನಗರದಲ್ಲಿ ವಾಸವಾಗಿರುವ ಆ ವೃದ್ಧರಿಗೆ ಈಗ ಎಪ್ಪತ್ತೆಂಟು ವರ್ಷ. ಮನೆಯ ಹಿಂದಣ ಷೆಡ್ಡಿನಲ್ಲಿ, ಹಳೆಯ ಕಂಬಳಿಯೊಂದರ ಕೆಳಗೆ, ಅವರ ತಂದೆಯವರಿಂದ ಬಂದ 1953ರ ಸ್ಟುಡಿಬೇಕರ್ ಕಾರು ನಿಂತಿದೆ. ಪ್ರತಿ ಭಾನುವಾರ ಕಂಬಳಿಯನ್ನು ಸರಿಸಿ ಎಂಜಿನನ್ನು ಹತ್ತು ನಿಮಿಷ ನಡೆಯಿಸುವುದು ಅವರ ವ್ರತ. ಆ ಹತ್ತು ನಿಮಿಷಗಳಲ್ಲಿ ಯಾರಾದರೂ ಸಮೀಪದಲ್ಲಿ ನಿಂತರೆ, ಮುಂದಿನ ಎರಡು ಗಂಟೆಗಳ ಕಾಲ ಅವರಿಗೆ ಬಿಡುಗಡೆಯಿಲ್ಲವೆಂದೇ ತಿಳಿಯಬೇಕು.

ನಮ್ಮ ದೇಶದಲ್ಲಿಯೂ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಸ್ಟುಡಿಬೇಕರ್ ಗಾಡಿಗಳನ್ನು ಜೋಡಿಸಿ ಮಾರುತ್ತಿದ್ದರಾದ್ದರಿಂದ, ಹಿರಿಯ ವಾಚಕರಲ್ಲಿ ಕೆಲವರಿಗಾದರೂ ಈ ಹೆಸರು ಅಪರಿಚಿತವಾಗಿರಲಾರದು. ಆದರೆ ಸೌತ್ ಬೆಂಡಿನವರಿಗೆ ಅದು ಬರಿಯ ಹೆಸರಲ್ಲ, ಊರಿನ ಅನ್ನ. 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಸೋದರರಿಬ್ಬರು 68 ಡಾಲರುಗಳ ಬಂಡವಾಳದಿಂದ ಅಲ್ಲಿ ಕುಲುಮೆಯನ್ನು ಹೂಡಿದರು. ಮತ್ತೊಬ್ಬ ತಮ್ಮ ಜಾನ್, ಚಿನ್ನವನ್ನು ಅರಸುತ್ತ ಕ್ಯಾಲಿಫೋರ್ನಿಯಕ್ಕೆ ಹೋದವನು, ಚಿನ್ನ ಅಗೆಯುವುದಕ್ಕಿಂತ ಅಗೆಯುವವರಿಗೆ ಒಂಟಿ ಚಕ್ರದ ತಳ್ಳುಗಾಡಿ ಮಾಡಿಕೊಡುವುದೇ ಲಾಭವೆಂದು ಕಂಡುಕೊಂಡ. 1858ರಲ್ಲಿ 8,000 ಡಾಲರು ಕೂಡಿಸಿಕೊಂಡು ಹಿಂದಿರುಗಿ ಅಣ್ಣಂದಿರ ವ್ಯಾಪಾರದಲ್ಲಿ ತೊಡಗಿಸಿದ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬಂಡಿಗಳನ್ನು ಒದಗಿಸಿದ ಈ ಮನೆತನ ಮುಂದೆ ಮೋಟಾರಿಗೆ ಕೈಹಾಕಿತು. ಕುದುರೆಬಂಡಿಯ ಕಾಲದಿಂದ ಮೋಟಾರಿನ ಕಾಲಕ್ಕೆ ದಾಟಿ ಇಷ್ಟು ದೊಡ್ಡದಾಗಿ ಬೆಳೆದ ಸಂಸ್ಥೆಗಳು ಅಮೆರಿಕದಲ್ಲಿ ತೀರ ವಿರಳ.

ಹಳೆಯ ಕಾರುಗಳ ವಿಷಯದಲ್ಲಿ ವೃದ್ಧರ ಅಭಿಪ್ರಾಯಗಳು ಖಚಿತವಾದುವು. ಫೋರ್ಡರ 'ಮಾಡೆಲ್ ಟಿ' ಎಂದರೆ ಅವರಿಗೆ ಗೌರವ. ಆದರೆ ಅದು ಅಜ್ಜನ ಮೇಲಿನ ಗೌರವದಂಥದು, ಜೊತೆಗೆ ಸಂಸಾರ ಮಾಡುವಂಥದಲ್ಲ. ಕುಳಿತ ಪೀಠದ ಕೆಳಗೆ ಪೆಟ್ರೋಲಿನ ತೊಟ್ಟಿ. ಎಣ್ಣೆ ತಾನಾಗಿಯೇ ಎಂಜಿನಿಗೆ ಹರಿಯಬೇಕು. ಕಡಿದಾದ ಏರು ಬಂದರೆ ಹರಿಯದು. ಆಗ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಬೆಟ್ಟ ಹತ್ತಿಸಬೇಕು! ಇಂಥ ಗಾಡಿಯನ್ನೇ ಕೋಟಿ ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಕೊಂಡರಲ್ಲ ಎಂದು ಅವರು ನಗುತ್ತಾರೆ. 1959ರ ಕ್ಯಾಡಿಲಾಕನ್ನು ಕಂಡರಂತೂ ಅವರಿಗೆ ಆಗದು. ಯುದ್ಧವಿಮಾನದ ಬಾಲವನ್ನು ನೋಡಿ 1948ರಲ್ಲಿ ಕಾರಿನ ಹಿಂಬದಿಗೆ ಸಣ್ಣ ರೆಕ್ಕೆಯಿಟ್ಟವರು, ಹನ್ನೊಂದು ವರ್ಷಗಳಲ್ಲಿ ಅದನ್ನು ಗೋಪುರದಂತೆ ಬೆಳೆಸಿಬಿಟ್ಟರು. ಹಾರಲಾರದ ವಸ್ತುವಿಗೆ ರೆಕ್ಕೆಯೇಕೆ ಎಂಬುದು ಅವರ ಪ್ರಶ್ನೆ. ಆ ಕಾರನ್ನು ಮೆಚ್ಚುವವರು ಇಂದಿಗೂ ಅಸಂಖ್ಯರಿದ್ದಾರೆಂಬುದನ್ನು ಅವರು ಒಪ್ಪುತ್ತಾರೆ, ಮನಸ್ಸಿಲ್ಲದ ಮನಸ್ಸಿನಿಂದ.

ಅವರ ಕಾರಾದರೋ ರೇಮಂಡ್ ಲೋವಿಯವರ ಕಲಾಶಾಲೆಯಲ್ಲಿ ರಾಬರ್ಟ್ ಬರ್ಕ್ ಎಂಬುವರ ಕೈಯಿಂದ ರೂಪುಗೊಂಡದ್ದು. ತಗ್ಗಾದ ಮೈ, ಇಳಿಜಾರಾದ ಮೂತಿ, ಕಿಟಕಿಗಳ ನಡುವೆ ಕಂಬವಿಲ್ಲದ ಬಯಲು, ಅನಾವಶ್ಯಕವಾದ ಒಂದು ಗೆರೆಯೂ ಇಲ್ಲ. ಎಂಟು ಸಿಲಿಂಡರಿನ 120 ಕುದುರೆಶಕ್ತಿಯ ಎಂಜಿನು. ದೋಷಗಳನ್ನೂ ಅವರು ಮುಚ್ಚಿಡುವುದಿಲ್ಲ. ಮುಂದಿನ ಚಕ್ರಗಳ ಮೇಲಣ ತಗಡು ಬೇಗ ತುಕ್ಕು ಹಿಡಿಯುತ್ತದೆ. ಅಡಿಯ ಚೌಕಟ್ಟು ಬಾಗುವ ಸ್ವಭಾವದ್ದಾದ್ದರಿಂದ ಮೊದಮೊದಲು ಕಾರ್ಖಾನೆಯಲ್ಲಿ ಮುಂಭಾಗದ ತಗಡುಗಳು ಒಂದಕ್ಕೊಂದು ಕೂಡಲೊಲ್ಲದೆ ತಯಾರಿಕೆ ತಡವಾಯಿತು. ಜನ ಕೇಳಿದ್ದು ಈ ಸುಂದರವಾದ ಎರಡು ಬಾಗಿಲ ಗಾಡಿಯನ್ನು; ಸಂಸ್ಥೆ ಹೆಚ್ಚಾಗಿ ಮಾಡಲು ಸಿದ್ಧವಾಗಿದ್ದುದು ನಾಲ್ಕು ಬಾಗಿಲಿನದನ್ನು. ಅದೇ ಹೊತ್ತಿನಲ್ಲಿ ಫೋರ್ಡ್ ಮತ್ತು ಷೆವ್ರೊಲೆಗಳು ಪೈಪೋಟಿಗೆ ಬಿದ್ದು ಬೆಲೆಯಿಳಿಸಿದುವು. ಆನೆಗಳೆರಡು ಕಾದಾಡಿದಾಗ ಕಾಲಡಿಯ ಹುಲ್ಲಿನ ಪಾಡು ಸ್ಟುಡಿಬೇಕರಿನದಾಯಿತು.

ಅವರ ತಂದೆಯವರು ಆ ಕಾರ್ಖಾನೆಯನ್ನು ಸೇರಿದುದು 1936ರಲ್ಲಿ. ಅದೇ ವರ್ಷ ಸ್ಟುಡಿಬೇಕರಿನಲ್ಲಿ ಒಂದು ಹೊಸ ಸಲಕರಣೆ ಬಂದಿತು. ಏರಿನಲ್ಲಿ ಗಾಡಿಯನ್ನು ನಿಲ್ಲಿಸಿ ಕ್ಲಚ್ಚನ್ನು ತುಳಿದಿದ್ದರೆ, ಬ್ರೇಕಿನ ಕೊಳವೆಯಲ್ಲಿರುವ ಪುಟ್ಟ ಗುಂಡೊಂದು ಉರುಳಿ ದಾರಿ ಮುಚ್ಚುತ್ತದೆ. ಬ್ರೇಕಿನಿಂದ ಕಾಲು ತೆಗೆದರೂ ಒತ್ತಡ ಹಾಗೆಯೇ ಉಳಿದು ಗಾಡಿ ಹಿಂದಕ್ಕೆ ಜಾರುವುದಿಲ್ಲ. ಕ್ಲಚ್ಚು ಬಿಟ್ಟೊಡನೆ ಹಿಡಿತ ಸಡಿಲುತ್ತದೆ. ತಂದೆಯವರಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. ಬಂದ ನೆಂಟರನ್ನೆಲ್ಲ ದಿಬ್ಬಕ್ಕೆ ಕರೆದೊಯ್ದು ತೋರಿಸುತ್ತಿದ್ದರು.

1963ರ ಡಿಸೆಂಬರ್ 9ರಂದು, ಕ್ರಿಸ್ಮಸ್ ಹಬ್ಬಕ್ಕೆ ಎರಡು ವಾರವಿರುವಾಗ, ಸೌತ್ ಬೆಂಡಿನ ಕಾರ್ಖಾನೆ ಮುಚ್ಚುವುದೆಂಬ ಪ್ರಕಟಣೆ ಹೊರಬಿದ್ದಿತು. ಅದೇ ತಿಂಗಳು 20ರಂದು ಕೊನೆಯ ಕಾರು ಹೊರಬಂದಿತು. ಕೆಲಸ ಹೋದುದಕ್ಕಿಂತಲೂ ಕ್ರೂರವಾದುದು ಆಮೇಲೆ ತಿಳಿಯಿತು. ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ಹಣವಿರಲಿಲ್ಲ. ಆಗಲೇ ನಿವೃತ್ತರಾಗಿದ್ದವರಿಗೂ ಅರವತ್ತು ತುಂಬಿದವರಿಗೂ ಪೂರ್ತಿ ದೊರೆಯಿತು. ನಲವತ್ತರಿಂದ ಅರವತ್ತರೊಳಗಿನ ಸುಮಾರು 4,000 ಮಂದಿಗೆ ಸಲ್ಲಬೇಕಾದುದರಲ್ಲಿ ನೂರಕ್ಕೆ ಹದಿನೈದರಷ್ಟು ಮಾತ್ರ. ಇನ್ನೂ ಎಳೆಯರಿಗೆ ಏನೂ ಇಲ್ಲ. ತಂದೆಯವರಿಗೆ ಆಗ ಐವತ್ತೆರಡು. ಇಪ್ಪತ್ತೇಳು ವರ್ಷಗಳ ದುಡಿಮೆಗೆ ಬಂದ ಮೊತ್ತವನ್ನು ಅವರು ಅಡಿಗೆಮನೆಯ ಮೇಜಿನ ಮೇಲಿಟ್ಟು ಮಾತಿಲ್ಲದೆ ಷೆಡ್ಡಿಗೆ ನಡೆದರು. ಹದಿನಾರು ವರ್ಷದ ಮಗ ಹಿಂದೆಯೇ ಹೋಗಿ ನೋಡಿದಾಗ, ಅವರು ಕಾರಿನ ಮೇಣವನ್ನು ಉಜ್ಜುತ್ತಿದ್ದರು.

ಆ ಚಳಿಗಾಲದಲ್ಲಿ ಕಾರನ್ನು ಕೊಳ್ಳಲು ಒಬ್ಬಾತ ಬಂದಿದ್ದ. ಮನೆಯಲ್ಲಿ ಹಣದ ಅಗತ್ಯ ಬಹಳವಿತ್ತು. ತಾಯಿ ಮಾರಿಬಿಡಿ ಎಂದರು. ತಂದೆ ಒಪ್ಪಲಿಲ್ಲ. ಶಾಲೆಯೊಂದರಲ್ಲಿ ರಾತ್ರಿಯ ಕಾವಲು ಕೆಲಸಕ್ಕೆ ಸೇರಿದರು. ಆ ಹಟ ಸರಿಯೇ ತಪ್ಪೇ ಎಂಬುದನ್ನು ಮಗ ಅರುವತ್ತು ವರ್ಷಗಳಿಂದ ಯೋಚಿಸುತ್ತಿದ್ದಾರೆ. ತಾಯಿಯ ಮಾತೂ ನ್ಯಾಯವೇ ಆಗಿತ್ತೆಂದು ಈಗೀಗ ಅವರಿಗೆ ತೋರುತ್ತದೆ. ಸ್ಟುಡಿಬೇಕರಿನ ಕಾರ್ಮಿಕರಿಗಾದ ಗತಿಯನ್ನು ಉದಾಹರಿಸುತ್ತಲೇ ವರ್ಷಗಟ್ಟಲೆ ಚರ್ಚೆ ನಡೆದು, 1974ರಲ್ಲಿ ಅಮೆರಿಕದಲ್ಲಿ ಪಿಂಚಣಿಯ ರಕ್ಷಣೆಗೆ ಕಾನೂನಾಯಿತು. ಅದಕ್ಕೆ ಸಹಿ ಹಾಕಿದ ಅಧ್ಯಕ್ಷರ ಹೆಸರು ಫೋರ್ಡ್ ಎಂಬುದನ್ನು ಹೇಳುವಾಗ ವೃದ್ಧರ ತುಟಿಯಲ್ಲಿ ವಕ್ರವಾದ ನಗೆಯೊಂದು ಮೂಡುತ್ತದೆ.

ಹಳೆಯ ಸ್ಟುಡಿಬೇಕರುಗಳಿಗೆ ಷೆವ್ರೊಲೆಯ ಎಂಜಿನು ಕೂಡಿಸಿ ಓಡಿಸುವವರು ಆ ದೇಶದಲ್ಲಿ ಅನೇಕರು. ಬಿಡಿಭಾಗ ಸುಲಭವಾಗಿ ಸಿಕ್ಕುತ್ತದೆ, ಗಾಡಿಯೂ ಚುರುಕಾಗುತ್ತದೆ. ವೃದ್ಧರ ದೃಷ್ಟಿಯಲ್ಲಿ ಅದು ಮನೆಮುರಿದವನನ್ನು ಕರೆತಂದು ನಡುಮನೆಯಲ್ಲಿ ಕೂರಿಸಿದಂತೆ. ಹೀಗಿರುವಾಗ, ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ, ಕಾರು ತನಗೆ ಬರುವುದಾದರೆ ಎಂಜಿನನ್ನೇ ತೆಗೆದು ವಿದ್ಯುತ್ ಮೋಟಾರು ಅಳವಡಿಸುವೆನೆಂದ. ತಾತ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವನು ಮೆಲ್ಲಗೆ ನೆನಪಿಸಿದ: "ತಾತ, 1902ರಲ್ಲಿ ಸ್ಟುಡಿಬೇಕರ್ ಮಾಡಿದ ಮೊದಲ ಮೋಟಾರು ಗಾಡಿ ಯಾವುದರಿಂದ ಓಡುತ್ತಿತ್ತು?"

ವಿದ್ಯುತ್ತಿನಿಂದ! ಊರಿಗೆಲ್ಲ ಈ ಚರಿತ್ರೆಯನ್ನು ಹೇಳಿದವರು ತಾವೇ. ಪೆಟ್ರೋಲಿನ ಗಾಡಿ ಬಂದುದು ಎರಡು ವರ್ಷದ ಮೇಲೆ. ವೃದ್ಧರಿಗೆ ಉತ್ತರ ತೋಚಲಿಲ್ಲ. ಎಂಜಿನಿನ ಮಾತು ಆಮೇಲಿರಲಿ, ಮೊದಲು ಇದ್ದದ್ದನ್ನು ನಡೆಸಲು ಕಲಿ ಎಂದು ಕೀಲಿಕೈ ಕೊಟ್ಟರು.

ಸೇಂಟ್ ಜೋಸೆಫ್ ನದಿಯ ಕಡೆಯ ಏರಿನ ಮಧ್ಯದಲ್ಲಿ ಗಾಡಿಯನ್ನು ನಿಲ್ಲಿಸಿಸಿ, ಕ್ಲಚ್ಚು ತುಳಿದೇ ಇದ್ದು ಬ್ರೇಕಿನಿಂದ ಕಾಲು ತೆಗೆಯೆಂದರು. ಹುಡುಗ ಹಿಂದಿನ ಕನ್ನಡಿಯನ್ನೊಮ್ಮೆ ನೋಡಿ, ಅಂಜುತ್ತ ಕಾಲು ತೆಗೆದ. ಗಾಡಿ ಅಲುಗಲಿಲ್ಲ. ಎಂಜಿನಿನ ವಿಷಯ ತಾತ ಮೊಮ್ಮಕ್ಕಳ ನಡುವೆ ಇನ್ನೂ ತೀರ್ಮಾನವಾಗಿಲ್ಲ.