ನಿಮ್ಮ ಮನೆಗೆ ಅವರು, ಅವರ ಮನೆಗೆ ನೀವು

ನಿವೃತ್ತಿಯಾಯಿತು, ಯುರೋಪ್ ನೋಡುವ ಆಸೆ ಹಾಗೇ ಉಳಿದಿದೆ. ಹೋಟೆಲ್ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಿದ್ದರೆ ಮನೆಯನ್ನೇ ಅದಲುಬದಲು ಮಾಡಿಕೊಳ್ಳಿ!

ಯುರೋಪಿನ ಕೆಲವು ಶಿಕ್ಷಕರು 1953ರಲ್ಲೇ ಇದಕ್ಕೆಂದು ಇಂಟರ್‌ವ್ಯಾಕ್ ಎಂಬ ಸಂಸ್ಥೆ ಶುರುಮಾಡಿದರು. ಬಾಡಿಗೆಯ ಮಾತೇ ಇಲ್ಲ. 1992ರಲ್ಲಿ ಬಂದ ಹೋಮ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯಲ್ಲಿ ಪಾಯಿಂಟ್ ಪದ್ಧತಿಯೂ ಇದೆ: ಲಿಸ್ಬನ್‌ನವರು ನಿಮ್ಮಲ್ಲಿ ಉಳಿದರೆ, ಅದಕ್ಕೆ ಸಿಗುವ ಪಾಯಿಂಟಿನಲ್ಲಿ ನೀವು ವಿಯೆನ್ನಾದಲ್ಲಿ ಉಳಿಯಬಹುದು.

ಅರವತ್ತು ದಾಟಿದವರಿಗೆ ಇದು ಹೇಳಿ ಮಾಡಿಸಿದ್ದು ಅನ್ನುತ್ತೇನೆ. ರಜೆ ಮುಗಿಯಿತೆಂಬ ಧಾವಂತವಿಲ್ಲ. ಮಾತ್ರೆಗೆ ಮುಂಚೆ ಗಂಜಿ ಕಾಯಿಸಲು ಒಲೆಯಿದೆ. ಮಂಡಿ ನೋಯುವ ದಿನ ಸುಮ್ಮನೆ ಒರಗಲು ಸೋಫಾ ಇದೆ. ಫ್ರಿಜ್ ಮೇಲೆ ಮನೆಯವರು ಅಂಟಿಸಿದ ಚೀಟಿ: ಕಸದ ಗಾಡಿ ಯಾವಾಗ, ಒಳ್ಳೆ ಬ್ರೆಡ್ ಎಲ್ಲಿ, ಪಕ್ಕದ ಮನೆಯವರ ನಂಬರ್.

ಮೆಟ್ಟಿಲೆಷ್ಟು ಎಂದು ಮೊದಲೇ ಕೇಳಿ. ಅಲ್ಲಿನ ಎಷ್ಟೋ ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ವಿಡಿಯೋ ಕಾಲ್‌ನಲ್ಲಿ ಬಚ್ಚಲುಮನೆ ತೋರಿಸಲು ಹೇಳಿ, ಸಂಕೋಚ ಬೇಡ.

ಯುರೋಪ್ ಸುತ್ತಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಇತ್ತ ನಿಮ್ಮ ಮನೆಯಲ್ಲಿ ಚಿನ್ನ, ಕಾಗದಪತ್ರ ಬೀರುವಿಗೆ ಸೇರಲಿ. ಗೀಸರ್ ಸ್ವಿಚ್, ಸಂಪಿನ ಮೋಟರ್ ಬಗ್ಗೆ ಬರೆದಿಡಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರಗಳ ಫಾರ್ಮನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಲೇಬೇಕು. ಹೊರಡುವ ಮೊದಲೇ ಅದಕ್ಕೆ ನೋಂದಾಯಿಸಿಕೊಳ್ಳಿ.