ಕಬ್ಬಿಣದ ಗುಂಡಿಗೊಂದು ಹಿಡಿಕೆ

ಫಿರಂಗಿಯ ಗುಂಡೊಂದಕ್ಕೆ ದಪ್ಪನೆಯ ಹಿಡಿಕೆಯನ್ನು ಕೂಡಿಸಿ, ನೆಲದ ಮೇಲೆ ಉರುಳದಂತೆ ಅದರ ತಳವನ್ನು ಚಪ್ಪಟೆ ಮಾಡಿದರೆ ಯಾವ ಆಕಾರ ದೊರೆಯುವುದೋ, ಅದೇ ಕೆಟಲ್‌ಬೆಲ್ ಎಂಬ ವ್ಯಾಯಾಮ ಸಾಧನದ ಆಕಾರ. ಹೆಸರಿನಲ್ಲಿ ಕೆಟಲೂ ಉಂಟು, ಬೆಲ್ಲೂ ಉಂಟು. ವಸ್ತುವಿನಲ್ಲಿ ಎರಡೂ ಇಲ್ಲ. ಚಹಾ ಕಾಯಿಸುವ ಪಾತ್ರೆಯ ಹಿಡಿಕೆಯನ್ನು ಹೋಲುವುದರಿಂದ ಮೊದಲ ಪದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ಎರಡನೆಯ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ಇಗರ್ಜಿಯ ಗಂಟೆಯ ಹಗ್ಗವನ್ನು ಜಗ್ಗುವುದು ತೋಳಿಗೂ ಎದೆಗೂ ಒಳ್ಳೆಯ ವ್ಯಾಯಾಮವೆಂದು ಕಂಡುಕೊಂಡ ಹದಿನೆಂಟನೆಯ ಶತಮಾನದ ಆಂಗ್ಲರು, ಗಂಟೆಯಿಲ್ಲದೆ ಹಗ್ಗವನ್ನು ಮಾತ್ರ ಜಗ್ಗುವ ಯಂತ್ರವೊಂದನ್ನು ಬಳಸುತ್ತಿದ್ದರು. ಸದ್ದು ಮಾಡದ ಗಂಟೆ, ಎಂದರೆ ಮೂಕ ಗಂಟೆ, ಅದೇ ಡಂಬ್‌ಬೆಲ್. ಕಾಲಕ್ರಮದಲ್ಲಿ ಯಂತ್ರ ಮಾಯವಾಯಿತು, ಹೆಸರು ಮಾತ್ರ ಕೈಯಲ್ಲಿ ಹಿಡಿಯುವ ಭಾರಕ್ಕೆ ಅಂಟಿಕೊಂಡಿತು. ಆಮೇಲೆ ಬಂದ ಭಾರಗಳೂ ಬೆಲ್ ಎಂಬ ಮನೆತನದ ಹೆಸರನ್ನೇ ಹೊತ್ತು ಬಂದುವು. ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಭಾರಕ್ಕಿಂತ ಮೊದಲು ಹೆಸರೇ ಕಣ್ಣಿಗೆ ಬೀಳುವುದು ಸಹಜ.

ಈ ಗುಂಡಿನ ತವರು ರಷ್ಯ. ಅಲ್ಲಿ ಇದನ್ನು ಗಿರ್ಯ ಎಂದು ಕರೆಯುತ್ತಾರೆ. ವ್ಯಾಯಾಮಶಾಲೆಗೆ ಬರುವ ಮೊದಲು ಅದು ತೂಕದ ಬಟ್ಟಾಗಿತ್ತು. ಧಾನ್ಯ ತೂಗುವ ತಕ್ಕಡಿಯ ತಟ್ಟೆಯಲ್ಲಿ ಕುಳಿತಿರುತ್ತಿತ್ತು. ಆ ದೇಶದ ಹಳೆಯ ಅಳತೆಯಾದ ಪೂಡ್ ಎಂಬುದು ನಮ್ಮ ಇಂದಿನ ಲೆಕ್ಕದಲ್ಲಿ 16.38 ಕಿಲೋಗ್ರಾಂ. ಸೋವಿಯತ್ ಸರ್ಕಾರ 1924ರಲ್ಲಿ ಈ ಅಳತೆಯನ್ನು ಕೈಬಿಟ್ಟಿತಾದರೂ ಗುಂಡುಗಳು ಅದನ್ನು ಮರೆಯಲಿಲ್ಲ. ಇಂದಿಗೂ ಸ್ಪರ್ಧೆಯ ಗುಂಡುಗಳಲ್ಲಿ ಮುಖ್ಯವಾದುವು 16, 24 ಮತ್ತು 32 ಕಿಲೋಗ್ರಾಂ ತೂಕದವು. ಎಂದರೆ ಒಂದು ಪೂಡ್, ಒಂದೂವರೆ ಪೂಡ್, ಎರಡು ಪೂಡ್. ನಮ್ಮಲ್ಲಿ 1956ರ ಶಾಸನದಿಂದ ಮೆಟ್ರಿಕ್ ಪದ್ಧತಿ ಬಂದಿತು; ಆದರೂ ಅಜ್ಜಿಯಂದಿರ ಬಾಯಲ್ಲಿ ಸೇರು ಪಾವುಗಳು ಉಳಿದುಕೊಂಡಿಲ್ಲವೆ, ಹಾಗೆ.

ತಕ್ಕಡಿಯಿಂದ ಅದನ್ನು ಅಖಾಡಕ್ಕೆ ತಂದವರಲ್ಲಿ ಮುಖ್ಯನಾದವನು ವ್ಲಾದಿಸ್ಲಾವ್ ಕ್ರಯೆವ್ಸ್ಕಿ ಎಂಬ ವೈದ್ಯ. 1885ರಲ್ಲಿ ಆತ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಭಾರ ಎತ್ತುವ ಹವ್ಯಾಸಿಗಳ ಕೂಟವೊಂದನ್ನು ಆರಂಭಿಸಿದ. ಜಗಜಟ್ಟಿಯೆನಿಸಿದ ಜಾರ್ಜ್ ಹ್ಯಾಕೆನ್‌ಷ್ಮಿಟ್ ಈ ವೈದ್ಯನ ಶಿಷ್ಯನೇ. ಸರಿಯಾಗಿ ನೂರು ವರ್ಷಗಳ ಅನಂತರ, 1985ರಲ್ಲಿ, ಲಿಪೆಟ್ಸ್ಕ್ ನಗರದಲ್ಲಿ ಸೋವಿಯತ್ ಒಕ್ಕೂಟದ ಪ್ರಥಮ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಈಗಿನ ಇಂಥ ಸ್ಪರ್ಧೆಗಳ ಕ್ರಮ ವಿಚಿತ್ರವಾದುದು. ಒಮ್ಮೆ ಅತಿ ಭಾರವಾದುದನ್ನು ಎತ್ತಿ ಗೆಲ್ಲುವುದಲ್ಲ. ಹತ್ತು ನಿಮಿಷಗಳ ಕಾಲ ಗುಂಡನ್ನು ನೆಲಕ್ಕೆ ಇಳಿಸದೆ ಎಷ್ಟು ಸಲ ತಲೆಯ ಮೇಲಕ್ಕೆ ಒಯ್ಯಬಲ್ಲೆ ಎಂಬುದೇ ಪ್ರಶ್ನೆ. ಶಕ್ತಿಗಿಂತ ಸೈರಣೆಗೆ ಅಲ್ಲಿ ಹೆಚ್ಚು ಬೆಲೆ. 2001ರ ಸುಮಾರಿಗೆ, ಬೆಲಾರುಸ್ ಮೂಲದ ಪಾವೆಲ್ ತ್ಸತ್ಸೂಲಿನ್ ಎಂಬ ಶಿಕ್ಷಕ ಅಮೆರಿಕದಲ್ಲಿ ಇದನ್ನು ಹಬ್ಬಿಸಿದ ಮೇಲೆ ಈ ಗುಂಡು ಲೋಕಸಂಚಾರಕ್ಕೆ ಹೊರಟಿತು. ಹಾಗೆ ಹೊರಟುದು ಮೈಸೂರಿನ ನಮ್ಮ ಬಡಾವಣೆಯ ವ್ಯಾಯಾಮಶಾಲೆಯನ್ನೂ ತಲುಪಿತು.

ಭಾರವನ್ನೆತ್ತುವ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವ್ಯಾಯಾಮಗಳು ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬಿವೇ ಮೊದಲಾದ ಹೆಸರುಗಳಿಂದ ಬಂದಿವೆ. ವ್ಯಾಯಾಮಕ್ಕೆ ಶ್ರಮವೆಂದೇ ಹೆಸರಿಟ್ಟ ಆ ದೊರೆಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ನಮ್ಮ ಗರಡಿಮನೆಗಳಲ್ಲಿ ಗದೆ ತಿರುಗಿಸುವವರನ್ನು ಈಗಲೂ ಕಾಣಬಹುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಗುಂಡುಕಲ್ಲನ್ನೂ ಎತ್ತುವ ಪಂದ್ಯಗಳು ನಡೆಯುತ್ತವೆ. ಇನ್ನು ಸಾಹಿತ್ಯಕ್ಕೂ ಕಬ್ಬಿಣಕ್ಕೂ ಹಗೆತನವೆಂದು ಭಾವಿಸುವವರು ಕೆ. ವಿ. ಅಯ್ಯರ್ ಅವರನ್ನು ನೆನೆಯಬೇಕು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದ ಕೈಯೇ ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿ ನೂರಾರು ತರುಣರ ಮೈಯನ್ನು ತಿದ್ದಿತು. ನಮ್ಮ ವಿಭಾಗದಲ್ಲಿ ಅವರ ಕಾದಂಬರಿಗಳನ್ನು ಓದಿದವರು ಹಲವರಿದ್ದಾರೆ. ಅವರ ಇನ್ನೊಂದು ಉದ್ಯೋಗವನ್ನು ಅನುಸರಿಸಿದವರು ಒಬ್ಬರೂ ಇಲ್ಲ.

ನಾನು ಅನುಸರಿಸಲು ಹೊರಟುದು ಸಾಹಿತ್ಯಾಭಿಮಾನದಿಂದಲ್ಲ. ಕಳೆದ ಆಷಾಢದಲ್ಲಿ ನನ್ನ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯ ಮೇಲ್ಭಾಗ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಅವರನ್ನು ಸಾಗಿಸುವ ಕೆಲಸ ದಿನಕ್ಕೆ ಏಳೆಂಟು ಸಲ ನನ್ನ ಪಾಲಿಗೆ ಬಂದಿತು. ಅವರ ತೂಕ 54 ಕಿಲೋಗ್ರಾಂ. ನೆಟ್ಟಗೆ ನಿಂತು ಪಾಠ ಹೇಳುವುದಕ್ಕೂ ಕುಳಿತು ಉತ್ತರಪತ್ರಿಕೆ ತಿದ್ದುವುದಕ್ಕೂ ಮಾತ್ರ ಒಗ್ಗಿದ್ದ ನನ್ನ ಸೊಂಟ ಹತ್ತನೆಯ ದಿನ ಮುಷ್ಕರ ಹೂಡಿತು. ಅಂದಿನಿಂದ ಪಕ್ಕದ ಮನೆಯ ಹುಡುಗನನ್ನು ಕೂಗಿ ಕರೆಯಬೇಕಾಯಿತು. ತಾಯಿಯವರಿಗೆ ಅದು ಹಿಡಿಸಲಿಲ್ಲ. ಆ ಹುಡುಗನಿಗೆ ತೊಂದರೆಯಾಗಬಾರದೆಂದು ಅವರು ಬಾಯಾರಿದರೂ ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ನೀರು ಕುಡಿದರೆ ಏಳಬೇಕಾಗುತ್ತದೆಯಲ್ಲ! ಈ ಲೆಕ್ಕಾಚಾರ ನನಗೆ ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ವೈದ್ಯರು ನನ್ನ ಬೆನ್ನನ್ನು ಪರೀಕ್ಷಿಸಿ, ಮೂಳೆಯಲ್ಲಿ ದೋಷವಿಲ್ಲ, ಸ್ನಾಯುಗಳಲ್ಲಿ ಬಲವಿಲ್ಲ ಎಂದರು. ನೋವು ಇಳಿದ ಮೇಲೆ ತಿಳಿದವರ ಕಣ್ಣೆದುರಿನಲ್ಲಿ ಕ್ರಮವಾಗಿ ವ್ಯಾಯಾಮ ಮಾಡಬೇಕೆಂಬ ಅಪ್ಪಣೆಯೂ ಆಯಿತು. ಬಡಾವಣೆಯ ವ್ಯಾಯಾಮಶಾಲೆಗೆ ಹೋಗಿ ಅಲ್ಲಿಯ ಶಿಕ್ಷಕನಿಗೆ ವಿಷಯವನ್ನು ಹೇಳಿದೆ. ಇಪ್ಪತ್ತಾರರ ತರುಣ, ಮಾತು ಕಡಿಮೆ. ಆತ ಯಂತ್ರಗಳ ಸಾಲನ್ನು ದಾಟಿ ಮೂಲೆಗೆ ಕರೆದೊಯ್ದು ಬಣ್ಣಬಣ್ಣದ ಗುಂಡುಗಳನ್ನು ತೋರಿಸಿದ. ಸ್ಪರ್ಧೆಯ ಗುಂಡುಗಳಿಗೆ ಬಣ್ಣವೇ ಗುರುತು: 8 ಕಿಲೋಗ್ರಾಮಿನದು ಗುಲಾಬಿ, 12ರದು ನೀಲಿ, 16ರದು ಹಳದಿ, 24ರದು ಹಸುರು, 32ರದು ಕೆಂಪು. ತೂಕ ಎಷ್ಟೇ ಇರಲಿ, ಗಾತ್ರ ಮಾತ್ರ ಎಲ್ಲಕ್ಕೂ ಒಂದೇ. ಒಳಗಿನ ಪೊಳ್ಳು ಹೆಚ್ಚುಕಡಿಮೆ, ಅಷ್ಟೆ. ನನ್ನ ಕಣ್ಣು ಹಸುರಿನ ಮೇಲಿತ್ತು. ಆತ ಗುಲಾಬಿಯನ್ನು ನನ್ನ ಮುಂದಿಟ್ಟ.

ಅದನ್ನೂ ಮೊದಲ ದಿನ ಮುಟ್ಟಗೊಡಲಿಲ್ಲ. ಒಂದು ಬಿದಿರು ಕೋಲನ್ನು ನನ್ನ ಬೆನ್ನಿನ ಮೇಲೆ ಉದ್ದಕ್ಕೆ ಇಟ್ಟ. ತಲೆಯ ಹಿಂಭಾಗ, ಎರಡು ಭುಜಗಳ ನಡುವಣ ಬೆನ್ನು, ಬೆನ್ನುಮೂಳೆಯ ಬುಡ, ಈ ಮೂರು ಸ್ಥಾನಗಳನ್ನು ಕೋಲು ಬಿಡದೆ ಮುಟ್ಟಿಕೊಂಡಿರಬೇಕು, ಹಾಗೆಯೇ ಬಾಗಬೇಕು. ಪ್ರಯತ್ನಿಸಿ ನೋಡಿದರೆ ವಾಚಕರಿಗೂ ಗೊತ್ತಾಗುತ್ತದೆ, ಬೆನ್ನನ್ನು ಬಾಗಿಸಿದ ಕ್ಷಣವೇ ಕೋಲು ಒಂದು ಕಡೆ ಕೈಬಿಡುತ್ತದೆ. ಬಾಗಬೇಕಾದುದು ಸೊಂಟವೂ ಅಲ್ಲ, ಬೆನ್ನೂ ಅಲ್ಲ, ತೊಡೆಯೂ ಸೊಂಟವೂ ಸೇರುವ ಕೀಲು. ಬಾಗಿಲಿನ ತಿರುಗಣಿಯ ಹಾಗೆ ಅದೊಂದೇ ತಿರುಗಿ, ಮೇಲಿನ ಮೈಯೆಲ್ಲ ಹಲಗೆಯಂತೆ ನೆಟ್ಟಗಿರಬೇಕು. "ಗೋಡೆಗೆ ಬೆನ್ನು ಮಾಡಿ ಒಂದು ಹೆಜ್ಜೆ ಮುಂದೆ ನಿಲ್ಲಿ ಸಾರ್, ಕೂರಬೇಡಿ, ಹಿಂದುಗಡೆಯಿಂದ ಗೋಡೆ ಮುಟ್ಟಿ" ಎಂದ. ಮುಟ್ಟಿದೆ. ಅರ್ಧ ಹೆಜ್ಜೆ ಮುಂದೆ ಸರಿಸಿ ಮತ್ತೆ ಮುಟ್ಟಿಸಿದ. ಬತ್ತದ ಸಸಿ ನೆಡುವ ಹೆಂಗಸರು ಬಾಗುವ ರೀತಿಯನ್ನು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಗಂಟೆಗಟ್ಟಲೆ ಹಾಗಿರುವ ಆ ಬಾಗಿನ ಬೆಲೆ ಅಂದು, ಹದಿನೈದು ನಿಮಿಷಗಳಲ್ಲಿ, ತೊಡೆಯ ಹಿಂಭಾಗದ ಸ್ನಾಯುಗಳು ತಂತಿಯಂತೆ ಬಿಗಿದಾಗ ನನಗೆ ತಿಳಿಯಿತು.

ಎರಡನೆಯ ವಾರ ಗುಲಾಬಿ ಗುಂಡನ್ನು ನೆಲದಿಂದ ಎತ್ತಿ ಇಳಿಸುವ ಅಭ್ಯಾಸ, ಅನಂತರ ನೀಲಿ. ಮೂರನೆಯ ವಾರ ಸ್ವಿಂಗ್, ಎಂದರೆ ತೂಗಾಟ. ಈ ವಿದ್ಯೆಗೆ ಇದೇ ಓನಾಮ. ಗುಂಡನ್ನು ಒಂದಡಿ ಮುಂದಿಟ್ಟುಕೊಂಡು ಎರಡು ಕೈಗಳಿಂದಲೂ ಹಿಡಿಯಬೇಕು. ಅದನ್ನು ಕಾಲುಗಳ ನಡುವೆ ಹಿಂದಕ್ಕೆ ಎಸೆಯುವಂತೆ ಸೆಳೆದು, ಕೂಡಲೇ ನೆಟ್ಟಗೆ ನಿಂತುಬಿಡಬೇಕು. ಹಾಗೆ ನಿಂತ ರಭಸಕ್ಕೆ ಗುಂಡು ತಾನಾಗಿ ಎದೆಯ ಮಟ್ಟಕ್ಕೆ ತೇಲಿ ಬರುತ್ತದೆ. ಎತ್ತುವುದು ತೋಳಲ್ಲ, ತೋಳು ಬಾವಿಯ ಹಗ್ಗ, ಗುಂಡು ಕೊಡ. ಬಲವೆಲ್ಲ ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳದು. ಡಂಬ್‌ಬೆಲ್ಲಿನಲ್ಲಿ ಭಾರ ಮುಷ್ಟಿಯ ಎರಡು ಪಕ್ಕಗಳಲ್ಲಿರುತ್ತದೆ. ಇಲ್ಲಿ ಮುಷ್ಟಿಯಿಂದ ಒಂದು ಗೇಣು ದೂರದಲ್ಲಿ ತೂಗುತ್ತದೆ. ಅದರಿಂದಲೇ ತೂಗಾಟ ಸಾಧ್ಯ, ಅದರಿಂದಲೇ ಕಷ್ಟ. ಹಿಂದಕ್ಕೆ ಹೋಗುವ ಗುಂಡು ಮೈಯನ್ನು ತನ್ನೊಡನೆ ಎಳೆಯುತ್ತದೆ. ಬೆನ್ನು ಆ ಸೆಳೆತಕ್ಕೆ ಮಣಿಯದೆ ನಿಲ್ಲಬೇಕು. ನನ್ನ ಸೊಂಟಕ್ಕೆ ಬೇಕಾಗಿದ್ದ ಪಾಠ ಇದೇ ಆಗಿತ್ತು.

ಹತ್ತು ತೂಗಾಟಗಳಾದ ಮೇಲೆ ಉಸಿರು ಕಟ್ಟಿ ಬಂದಿತು. ಇಷ್ಟಕ್ಕೇ ಏದುಸಿರೇ ಎಂದು ನಾಚಿಕೆಯಾಯಿತು; ಶಿಕ್ಷಕ ಮಾತ್ರ ಗಡಿಯಾರ ನೋಡುತ್ತ ನಿಂತಿದ್ದ. ಸೆಕೆಂಡಿನ ಮುಳ್ಳು ಸುತ್ತು ಮುಗಿಸುವವರೆಗೆ ವಿಶ್ರಾಂತಿ, ಆಮೇಲೆ ಇನ್ನೂ ಹತ್ತು. ಹೀಗೆ ಐದು ಆವೃತ್ತಿ. ವಾರಕ್ಕೆ ಮೂರು ದಿನ. ಹೆಚ್ಚಿಗೆ ಬೇಡವೆಂದು ಕಟ್ಟಪ್ಪಣೆ. ಕನ್ನಡ ಮೇಷ್ಟರು ಕಬ್ಬಿಣ ತೂಗುತ್ತಿರುವ ಸಂಗತಿ ಕಾಲೇಜಿಗೆ ತಲುಪಲು ತಡವಾಗಲಿಲ್ಲ. ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ನಾಲ್ಕು ಜಡ್ಡುಗಳೆದ್ದುವು. ಸೀಮೆಸುಣ್ಣದ ಪರಿಚಯ ಮಾತ್ರ ಇದ್ದ ಆ ಕೈಗೆ ಇಲ್ಲಿಯೂ ಸೀಮೆಸುಣ್ಣದಂತೆ ಕಾಣುವ ಬಿಳಿಯ ಪುಡಿಯನ್ನೇ ಬಳಿಯುತ್ತಾರೆ, ಬೆವರಿನಿಂದ ಹಿಡಿತ ಜಾರದಿರಲೆಂದು. ಗುಂಡನ್ನು ಒಂದೇ ಕೈಯಿಂದ ಭುಜಕ್ಕೆ ತರುವ ಕ್ಲೀನ್ ಎಂಬ ಪಟ್ಟಿಗೆ ಬಂದಾಗ ಮುಂಗೈ ಮೇಲೆ ನೀಲಿ ಕಲೆಗಳಾದುವು. ಗುಂಡು ಮಣಿಕಟ್ಟನ್ನು ಸುತ್ತಿ ಬಂದು ಕುಳಿತುಕೊಳ್ಳುವ ಕುಶಲತೆ ಹೊಸಬರಿಗೆ ಬೇಗ ಒಲಿಯುವುದಿಲ್ಲ. ಅದು ಕುಳಿತುಕೊಳ್ಳುವುದರ ಬದಲು ಬಡಿಯುತ್ತದೆ. ಅದರ ವಿವರಣೆಯನ್ನು ಇಲ್ಲಿಗೇ ಬಿಡುತ್ತೇನೆ.

ಒಂಬತ್ತನೆಯ ವಾರದ ಒಂದು ಬೆಳಗ್ಗೆ ಪಕ್ಕದ ಮನೆಯ ಹುಡುಗ ಊರಿಗೆ ಹೋಗಿದ್ದ. ತಾಯಿಯವರನ್ನು ಹೇಗೆ ಏಳಿಸಬೇಕೆಂದು ಮನೆಗೆ ಬರುವ ಅಂಗಮರ್ದನ ಚಿಕಿತ್ಸಕರು ಮೊದಲೇ ಹೇಳಿಕೊಟ್ಟಿದ್ದರು: ಅವರನ್ನು ಹಾಸಿಗೆಯ ಅಂಚಿಗೆ ತಂದು ಪಾದಗಳನ್ನು ನೆಲಕ್ಕೆ ಊರಿಸಬೇಕು, ಮೈಗೆ ಮೈ ಹತ್ತಿರವಿರಬೇಕು, ಅವರೂ ತಮ್ಮ ಬಲವನ್ನು ಸೇರಿಸಬೇಕು. ನನಗೆ ಆಗ ಅರ್ಥವಾಗದಿದ್ದುದು ಒಂದೇ, ಬಾಗುವುದು ಎಲ್ಲಿಂದ ಎಂಬುದು. ಅಂದು ಕೋಲು ಬೆನ್ನ ಮೇಲಿದೆಯೆಂದೇ ಭಾವಿಸಿ ಬಾಗಿದೆ, ಹಿಡಿದೆ, ನಿಂತೆ. ಅವರು ನನ್ನೊಡನೆ ನಿಂತಿದ್ದರು. ಕುರ್ಚಿಯಲ್ಲಿ ಕುಳಿತು ಸೆರಗನ್ನು ಸರಿಪಡಿಸಿಕೊಳ್ಳುತ್ತ, "ಇವತ್ತು ನೀನು ಮುಕ್ಕರಿಯಲಿಲ್ಲ" ಎಂದರು. ಇಷ್ಟು ದಿನ ನಾನು ಮುಕ್ಕರಿದುದನ್ನೆಲ್ಲ ಅವರು ಎಣಿಸಿದ್ದರೆಂದು ಆಗಲೇ ನನಗೆ ಗೊತ್ತಾದುದು. ಸ್ವಲ್ಪ ಹೊತ್ತಿನ ಮೇಲೆ, ದೊಡ್ಡ ಲೋಟದಲ್ಲಿ ನೀರು ತರಹೇಳಿದರು.

ಇದರಿಂದ ಯಾರೂ ನಾಳೆಯೇ ಗುಂಡು ಕೊಂಡುತರುವುದು ಬೇಡ. ರಕ್ತದ ಒತ್ತಡವುಳ್ಳವರು, ಹೃದ್ರೋಗಿಗಳು, ಕರುಳಿಳಿತದವರು, ಕಾಲಿಗೆ ನೋವು ಹರಿಯುವಂಥ ಬೆನ್ನುಬೇನೆಯವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಒಂದು ಸಲವಾದರೂ ಬಲ್ಲವರ ಮುಂದೆ ಬಾಗಿ ತೋರಿಸಿ ತಿದ್ದಿಸಿಕೊಳ್ಳಬೇಕು, ಏಕೆಂದರೆ ಸ್ವಂತ ಬೆನ್ನು ಸ್ವಂತ ಕಣ್ಣಿಗೆ ಕಾಣುವುದಿಲ್ಲ. ಬರಿಗಾಲಿನಲ್ಲಿ ಅಥವಾ ಚಪ್ಪಟೆ ತಳದ ಪಾದರಕ್ಷೆಯಲ್ಲಿ ಮಾಡುವುದು ಲೇಸು. ಮೆತ್ತನೆಯ ಓಟದ ಬೂಟುಗಳಲ್ಲಿ ಹಿಮ್ಮಡಿ ಊರಿ ನಿಲ್ಲುವುದಿಲ್ಲ. ಎದುರಿಗೆ ಮಕ್ಕಳೂ ಗಾಜಿನ ಬೀರುವೂ ಇರಕೂಡದು.

ಈಗ ನಾನು ಹಳದಿ ಗುಂಡನ್ನು ತೂಗುತ್ತಿದ್ದೇನೆ. ಹೊಸದಾಗಿ ಟರ್ಕಿಷ್ ಗೆಟ್‌ಅಪ್ ಎಂಬ ಪಟ್ಟು ಆರಂಭವಾಗಿದೆ. ಅಂಗಾತ ಮಲಗಿ, ಒಂದು ಕೈಯನ್ನು ಮೇಲಕ್ಕೆ ಚಾಚಿ, ಆ ಕೈಯಲ್ಲಿರುವುದು ಅಲುಗದಂತೆ ಮೊಳಕೈ, ಅಂಗೈ, ಮಂಡಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಎದ್ದು ನಿಂತು, ಮತ್ತೆ ಅದೇ ಮೆಟ್ಟಿಲುಗಳಿಂದ ಇಳಿದು ಮಲಗಬೇಕು. ಕಲಿಯುವವರ ಕೈಗೆ ಇಲ್ಲಿ ಕಬ್ಬಿಣವನ್ನು ಕೊಡುವುದಿಲ್ಲ. ಮುಷ್ಟಿಯ ಮೇಲೆ ಒಂದು ಚಪ್ಪಲಿಯನ್ನು ಇಡುತ್ತಾರೆ. ಅದು ಬೀಳದಂತೆ ಎದ್ದು ಬಂದವನಿಗೆ ಮಾತ್ರ ಮುಂದಿನ ಪಾಠ. ನಿನ್ನೆ ಅದು ನಾಲ್ಕು ಸಲ ನನ್ನ ಮುಖದ ಮೇಲೆ ಬಿದ್ದಿತು. ಐದನೆಯ ಸಲ ಮಂಡಿಯವರೆಗೆ ಬಂದೆ. ತಾಯಿಯವರು ಊರುಗೋಲಿನ ಆಸರೆಯಲ್ಲಿ ಜಗುಲಿಯವರೆಗೆ ಬಂದು ನಿಂತು ನೋಡುತ್ತಿದ್ದರು. ಚಪ್ಪಲಿ ಯಾರದೆಂದು ವಿಚಾರಿಸಿದರು.